ಕಿರಿದಾದ ಕುಲನಾಮವೂ ಮಗುವಿನ ಹೆಸರೂ

೧

ಮಗುವಿಗೆ ಹೆಸರಿಡುವಾಗ ತಾಯಿತಂದೆಗಳು ವಿಚಾರಿಸತಕ್ಕ ವಿಷಯಗಳು ಹಲವು. ಜನ್ಮನಕ್ಷತ್ರದ ಪಾದಕ್ಕೆ ಸಲ್ಲುವ ಅಕ್ಷರ, ಮನೆದೇವರ ಹೆಸರು, ಅಜ್ಜ ಅಜ್ಜಿಯರ ಸ್ಮರಣೆ, ಅರ್ಥದ ಮಾಂಗಲ್ಯ ಇವೆಲ್ಲವೂ ಅವುಗಳಲ್ಲಿ ಸೇರಿವೆ. ಇವುಗಳ ಜೊತೆಗೆ, ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಗಮನಿಸುವ ಮತ್ತೊಂದು ವಿಷಯವುಂಟು. ಅದು ಕಿವಿಯ ಒಪ್ಪಿಗೆ. ಹೆಸರನ್ನು ಒಂಟಿಯಾಗಿ ಉಚ್ಚರಿಸಿದಾಗ ಇಂಪಾಗಿದ್ದರೆ ಸಾಲದು. ಅದರ ಬೆನ್ನಿಗೆ ಬರುವ ಕುಲನಾಮದೊಡನೆ ಕೂಡಿದಾಗಲೂ ಅದು ಇಂಪಾಗಿಯೇ ಇರಬೇಕು. ಕುಲನಾಮವು ದೀರ್ಘವಾಗಿದ್ದರೆ ಈ ಪ್ರಶ್ನೆ ಅಷ್ಟಾಗಿ ತಲೆದೋರುವುದಿಲ್ಲ. ಪೈ, ರೈ, ರಾವ್, ಭಟ್ ಎಂಬಂತೆ ಒಂದೇ ಸ್ವರದಲ್ಲಿ ಮುಗಿದುಹೋಗುವ ಕುಲನಾಮಗಳ ವಿಷಯದಲ್ಲಿಯಾದರೋ, ಹೆಸರು ಹೆಚ್ಚು ಕಿರಿದಾದರೆ ಮಾತು ಮೊಟಕಾದಂತೆ ತೋರುವುದು. ಹೆಚ್ಚು ಹಿರಿದಾದರೆ ಕುಲನಾಮವು ಬಾಲದಂತೆ ಅಂಟಿಕೊಂಡು ನಿಲ್ಲುವುದು.

ಇದು ಇತ್ತೀಚಿನವರ ರುಚಿಗೆ ಮಾತ್ರ ಸೇರಿದ ವಿಚಾರವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಹೆಸರಿನ ಅಳತೆ, ಅದರ ಮೊದಲಕ್ಷರದ ನಾದ, ಕೊನೆಯ ಸ್ವರದ ತೂಕ ಇವುಗಳನ್ನು ಕುರಿತು ನಮ್ಮ ದೇಶದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಚಿಂತನೆ ನಡೆದುಬಂದಿದೆ. ಕನ್ನಡ ನಾಡಿನಲ್ಲಿ ಆ ಚಿಂತನೆಯು ತನ್ನದೇ ಆದ ಒಂದು ದಾರಿಯನ್ನು ಹಿಡಿಯಿತು. ಹೆಸರಿನ ಕೊನೆಗೆ ಬರುವ ಕಿರುಪದವು ಕನ್ನಡದಲ್ಲಿ ಮೊದಲು ಕುಲವನ್ನು ಸೂಚಿಸುತ್ತಿರಲಿಲ್ಲ. ಅದು ಬಂಧುತ್ವವನ್ನೂ ಗೌರವವನ್ನೂ ಸೂಚಿಸುತ್ತಿತ್ತು, ಮತ್ತು ಹೆಸರಿನೊಡನೆ ಸಂಧಿಯಾಗಿ ಒಂದೇ ಪದವಾಗುತ್ತಿತ್ತು. ಆ ಪದವು ಹೆಸರಿನಿಂದ ಬೇರ್ಪಟ್ಟು ವಂಶದ ಗುರುತಾದ ಮೇಲೆಯೇ ಹೆಸರು ಕುಲನಾಮಗಳ ಹೊಂದಿಕೆಯೆಂಬ ಪ್ರಶ್ನೆ ಹುಟ್ಟಿತು. ಈ ಅಂಶವನ್ನು ಶಾಸ್ತ್ರ, ಶಾಸನ, ಕಾವ್ಯ, ಬಳಕೆ ಇವುಗಳ ಆಧಾರದಿಂದ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

೨

ನಾಮಕರಣದ ಧ್ವನಿನಿಯಮಗಳು ಗೃಹ್ಯಸೂತ್ರಗಳಲ್ಲಿಯೇ ಕಾಣಬರುತ್ತವೆ. ಹೆಸರು ಘೋಷವ್ಯಂಜನದಿಂದ ಮೊದಲಾಗಬೇಕು, ನಡುವೆ ಯ ರ ಲ ವ ಎಂಬ ಅಂತಸ್ಥಗಳಲ್ಲಿ ಒಂದಿರಬೇಕು, ಕೊನೆಗೆ ವಿಸರ್ಗವಿರಬೇಕು, ಎರಡು ಅಥವಾ ನಾಲ್ಕು ಅಕ್ಷರಗಳಿರಬೇಕು ಎಂದು ಆಶ್ವಲಾಯನನ ವಿಧಿ. ಪ್ರತಿಷ್ಠೆಯನ್ನು ಬಯಸುವವನು ಎರಡಕ್ಷರದ ಹೆಸರನ್ನೂ ಬ್ರಹ್ಮವರ್ಚಸ್ಸನ್ನು ಬಯಸುವವನು ನಾಲ್ಕಕ್ಷರದ ಹೆಸರನ್ನೂ ಇಡತಕ್ಕುದು. ಗಂಡುಮಕ್ಕಳಿಗೆ ಸಮಸಂಖ್ಯೆ, ಹೆಣ್ಣುಮಕ್ಕಳಿಗೆ ಬೆಸಸಂಖ್ಯೆ. ಪಾರಸ್ಕರನ ಸೂತ್ರವೂ ಬಹುಮಟ್ಟಿಗೆ ಇದನ್ನೇ ಹೇಳಿ, ಗಂಡಿನ ಹೆಸರು ಕೃದಂತವಾಗಿರಬೇಕೆಂದೂ ಹೆಣ್ಣಿನ ಹೆಸರು ಆಕಾರಾಂತವಾಗಿರಬೇಕೆಂದೂ ಸೇರಿಸುತ್ತದೆ. ‘ದೇವಃ’ ಎಂಬ ಎರಡಕ್ಷರದ ಹೆಸರನ್ನು ತೆಗೆದುಕೊಂಡರೆ ಈ ಲಕ್ಷಣಗಳೆಲ್ಲವೂ ಅದರಲ್ಲಿ ಕೂಡಿಬಂದಿರುವುದನ್ನು ನೋಡಬಹುದು: ದಕಾರವು ಘೋಷ, ವಕಾರವು ಅಂತಸ್ಥ, ಕೊನೆಗೆ ವಿಸರ್ಗ.

ಕ್ರಿಸ್ತಪೂರ್ವ ಎರಡನೆಯ ಶತಮಾನದ ಪತಂಜಲಿಯು ಮಹಾಭಾಷ್ಯದ ಪೀಠಿಕೆಯಲ್ಲಿ ವ್ಯಾಕರಣಾಧ್ಯಯನದ ಪ್ರಯೋಜನಗಳನ್ನು ಎಣಿಸುವಾಗ ನಾಮಕರಣವನ್ನೂ ಒಂದಾಗಿ ಹೇಳಿದ್ದಾನೆ. ಹೆಸರು ಕೃದಂತವಾಗಿರಬೇಕು, ತದ್ಧಿತಾಂತವಾಗಿರಬಾರದು ಎಂಬ ವಿಧಿಯನ್ನು ವ್ಯಾಕರಣವನ್ನರಿಯದ ತಂದೆಯು ಹೇಗೆ ಪಾಲಿಸಿಯಾನು ಎಂಬುದು ಆತನ ವಾದ. ಅಲ್ಲಿಯೇ, ಹೆಸರು ಮೂರು ತಲೆಮಾರಿನ ಹಿರಿಯರನ್ನು ಅನುಸರಿಸಿರಬೇಕೆಂದೂ ಶತ್ರುಗಳಲ್ಲಿ ರೂಢವಾದುದಾಗಿರಬಾರದೆಂದೂ ಯಾಜ್ಞಿಕರ ಮತವನ್ನು ಎತ್ತಿ ಹೇಳಿದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ನಾಡಿನ ರೂಢಿಯು ಇದಕ್ಕೆ ಹೊಂದುತ್ತದೆ. ರಾಷ್ಟ್ರಕೂಟರಲ್ಲಿ ಕೃಷ್ಣ, ಗೋವಿಂದ, ಇಂದ್ರ ಎಂಬ ಹೆಸರುಗಳು ಮತ್ತೆ ಮತ್ತೆ ಬಂದಿರುವುದೂ ಇಂತಹ ರೂಢಿಯ ಫಲವೇ ಆಗಿದೆ.

ಹೆಸರಿನ ಅಳತೆಯು ಬಳಕೆಯಲ್ಲಿ ಕುಗ್ಗುವುದೆಂಬುದನ್ನೂ ಪ್ರಾಚೀನ ವೈಯಾಕರಣರು ಗಮನಿಸಿದ್ದರು. ಅಕ್ಕರೆಯಿಂದ ಕರೆಯುವಾಗ ದೇವದತ್ತನು ದೇವಿಕ, ದೇವಿಯ, ದೇವಿಲ ಎಂದಾಗುವನೆಂದು ಪಾಣಿನಿಯ ಸೂತ್ರಗಳಿಂದ ಸಿದ್ಧಿಸುತ್ತದೆ. ಎರಡನೆಯ ಸ್ವರದ ಮುಂದಿನ ಭಾಗವೆಲ್ಲ ಅಲ್ಲಿ ಲೋಪವಾಗುವುದು. ಸತ್ಯಭಾಮೆಯು ಬರಿಯ ಸತ್ಯೆಯೂ ಆಗಬಹುದು, ಬರಿಯ ಭಾಮೆಯೂ ಆಗಬಹುದು. ಎಂದರೆ ಹೆಸರಿಗೆ ಎರಡು ಅಂಗಗಳುಂಟು, ಅವುಗಳಲ್ಲಿ ಒಂದನ್ನು ಬಿಟ್ಟರೂ ವ್ಯಕ್ತಿಯ ಗುರುತು ಕೆಡುವುದಿಲ್ಲ ಎಂಬ ಅರಿವು ಆ ಕಾಲಕ್ಕೇ ಇತ್ತು.

ಆದರೆ ಧ್ವನಿಯ ನಿಯಮದ ಬದಿಯಲ್ಲಿಯೇ ಮತ್ತೊಂದು ನಿಯಮವು ಬೆಳೆಯಿತೆಂಬುದನ್ನು ಮರೆಯಲಾಗದು. ಮನುಸ್ಮೃತಿಯ ಎರಡನೆಯ ಅಧ್ಯಾಯವು ಹೆಂಗಸರ ಹೆಸರು ಸುಖವಾಗಿ ಉಚ್ಚರಿಸುವಂತಹುದಾಗಿ, ಕ್ರೂರವಲ್ಲದುದಾಗಿ, ಅರ್ಥಸ್ಪಷ್ಟವಾಗಿ, ಮನೋಹರವಾಗಿ, ದೀರ್ಘಸ್ವರದಿಂದ ಕೊನೆಗೊಳ್ಳಬೇಕೆಂದು ಹೇಳುವುದು. ಅದಕ್ಕೆ ಸ್ವಲ್ಪ ಮುಂಚೆಯೇ, ಬ್ರಾಹ್ಮಣನ ಹೆಸರು ಮಂಗಲವನ್ನೂ ಕ್ಷತ್ರಿಯನದು ಬಲವನ್ನೂ ವೈಶ್ಯನದು ಧನವನ್ನೂ ಸೂಚಿಸಬೇಕು, ಶೂದ್ರನದು ಜುಗುಪ್ಸೆಯನ್ನುಂಟುಮಾಡುವಂತಿರಬೇಕು ಎಂದು ವಿಧಿಸಿದೆ. ಹೆಸರಿನ ಉತ್ತರಾಂಗವೂ ಕ್ರಮವಾಗಿ ಶರ್ಮ, ರಕ್ಷೆ, ಪುಷ್ಟಿ, ದಾಸ್ಯ ಇವುಗಳನ್ನು ತಿಳಿಸತಕ್ಕುದು. ಹೀಗೆ ಹೆಸರಿನ ಕೊನೆಯ ಪದವು ಮನುಷ್ಯನ ಮಟ್ಟವನ್ನು ಹುಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿಯೇ ಗೊತ್ತುಮಾಡುವ ಸಾಧನವಾಯಿತು. ಹೆಸರಿನ ಬೆನ್ನಿಗೆ ಬರುವ ಕಿರುಪದದ ಚರಿತ್ರೆಯನ್ನು ವಿಚಾರಿಸುವವರು ಇಂಪಿನ ಪ್ರಶ್ನೆಯನ್ನೂ ಮಾನದ ಪ್ರಶ್ನೆಯನ್ನೂ ಒಟ್ಟಿಗೆ ನೋಡಬೇಕಾದುದು ಈ ಕಾರಣದಿಂದಲೇ.

೩

ಕನ್ನಡಕ್ಕೆ ಬಂದಾಗ ಗೃಹ್ಯಸೂತ್ರಗಳ ಅಂತ್ಯನಿಯಮವು ನಿಲ್ಲಲಿಲ್ಲ. ವಿಸರ್ಗವು ಕನ್ನಡದ ನಾಮಪದಗಳಲ್ಲಿ ಉಳಿಯುವುದಿಲ್ಲ. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗಗಳು ಕನ್ನಡದಲ್ಲಿ ಸಾಮಾನ್ಯವಾಗಿ ಎಕಾರಾಂತಗಳಾಗುವುವು. ಗಂಗಾ ಎಂಬುದು ಗಂಗೆಯಾಗುವುದು, ಸೀತಾ ಎಂಬುದು ಸೀತೆಯಾಗುವುದು. ದೀರ್ಘಾಂತವಾಗಿ ಮುಗಿಯಬೇಕಾದ ಹೆಸರು ಹ್ರಸ್ವಾಂತವಾಗಿ ಮುಗಿಯತೊಡಗಿತು. ಹೀಗೆ ಕಳೆದುಹೋದ ತೂಕವನ್ನು ಕನ್ನಡವು ಬೇರೊಂದು ಬಗೆಯಿಂದ ತುಂಬಿಕೊಂಡಿತು. ಅದು ಒತ್ತಕ್ಷರದ ಬಗೆ.

ನಮ್ಮ ಪ್ರಾಚೀನ ಕವಿಗಳ ಹೆಸರುಗಳನ್ನೇ ನೋಡಬಹುದು. ಪಂಪ, ಪೊನ್ನ, ರನ್ನ, ಜನ್ನ ಈ ನಾಲ್ಕೂ ಎರಡಕ್ಷರದ ಹೆಸರುಗಳು. ಪೊನ್ನ ಎಂಬುದು ಹೊನ್ನಿನ ಹೆಸರು. ರನ್ನ ಎಂಬುದು ರತ್ನಶಬ್ದದ ತದ್ಭವ. ನಾಲ್ಕರಲ್ಲಿಯೂ ಮೊದಲಕ್ಷರವು ಗುರು, ಎರಡನೆಯದು ಲಘು. ಒಟ್ಟು ಮೂರು ಮಾತ್ರೆಗಳು. ಅರಸರ ಹೆಸರುಗಳಲ್ಲಿಯೂ ಇಂತಹ ಮಾರ್ಪಾಡು ಕಂಡುಬರುತ್ತದೆ. ರಾಷ್ಟ್ರಕೂಟ ಕೃಷ್ಣನು ಕನ್ನರನೆಂದೂ ಗೋವಿಂದನು ಗೊಜ್ಜಿಗನೆಂದೂ ಕರೆಯಲ್ಪಟ್ಟರು. ಹೊಯ್ಸಳ ವಿಷ್ಣುವರ್ಧನನು ಬಿಟ್ಟಿದೇವನಾದನು. ಸಂಸ್ಕೃತದ ಸಂಯುಕ್ತಾಕ್ಷರವು ಸಜಾತೀಯ ಒತ್ತಾಗಿ ಮಾರ್ಪಟ್ಟು, ಮೊದಲಕ್ಷರದ ಮೇಲೆ ಊರಿ ಹೇಳುವ ಒಂದು ಕಟ್ಟು ಈ ಹೆಸರುಗಳಲ್ಲೆಲ್ಲ ಉಂಟು.

ಕಾಣಿಕೆಯಾಗಿ ಹೆಸರಿಡುವ ರೂಢಿಗೂ ಈ ಕಾಲದಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ೯೯೩ರಲ್ಲಿ ಅಜಿತಪುರಾಣವನ್ನು ಮುಗಿಸಿದ ರನ್ನನು ತನಗೆ ಆಶ್ರಯವಿತ್ತವರ ನೆನಪಿಗಾಗಿ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ರಾಯನೆಂದರೆ ಚಾವುಂಡರಾಯ. ಒಬ್ಬ ದೊಡ್ಡ ಮನುಷ್ಯನ ಹೆಸರಿನ ಉತ್ತರಾಂಗವೇ ಇಲ್ಲಿ ಮಗುವಿನ ಪೂರ್ಣ ಹೆಸರಾಗಿದೆ. ಮುಂದಿನ ಶತಮಾನಗಳಲ್ಲಿ ರಾವ್ ಎಂಬ ಕುಲನಾಮವಾಗಿ ನೆಲೆಸಲಿದ್ದ ಪದವು ಆಗ ಇನ್ನೂ ಹೀಗೆ ಸ್ವತಂತ್ರವಾಗಿ ಸಂಚರಿಸುತ್ತಿತ್ತು.

೪

ಕನ್ನಡ ಹೆಸರುಗಳ ಕೊನೆಗೆ ಬರುವ ಗೌರವಪದಗಳು ಅಯ್ಯ, ಅಪ್ಪ, ಅಣ್ಣ, ಅಮ್ಮ, ಅಕ್ಕ, ಅವ್ವೆ, ಅಬ್ಬೆ ಇವೇ ಮೊದಲಾದುವು. ಎಲ್ಲವೂ ಮನೆಯೊಳಗಿನ ಸಂಬಂಧವಾಚಕಗಳು. ಇವುಗಳ ಆಕಾರವನ್ನು ಪರೀಕ್ಷಿಸಿದರೆ ಒಂದು ಸಮಾನ ಲಕ್ಷಣವು ಕಂಡುಬರುವುದು. ಪ್ರತಿಯೊಂದೂ ಅಕಾರದಿಂದ ಮೊದಲಾಗಿ, ನಡುವೆ ಒತ್ತಕ್ಷರವನ್ನು ಪಡೆದು, ಹ್ರಸ್ವಸ್ವರದಲ್ಲಿ ಮುಗಿಯುವುದು. ಪ್ರತಿಯೊಂದಕ್ಕೂ ಮೂರು ಮಾತ್ರೆಗಳು. ಪಂಪ ರನ್ನ ಎಂಬ ಹೆಸರುಗಳಿಗಿರುವ ಗುರುಲಘುವಿನ್ಯಾಸವೇ ಇವುಗಳಿಗೂ ಉಂಟು.

ಅಕಾರದಿಂದ ಮೊದಲಾಗುವುದರಿಂದ ಇವು ಹಿಂದಿನ ಹೆಸರಿನೊಡನೆ ತಡೆಯಿಲ್ಲದೆ ಬೆರೆಯುವುವು. ಹೆಸರು ಅಕಾರಾಂತವಾಗಿದ್ದರೆ ಲೋಪಸಂಧಿ: ಬಸವ ಎಂಬುದರ ಮೇಲೆ ಅಣ್ಣ ಬಂದು ಬಸವಣ್ಣ, ಶಿವ ಎಂಬುದರ ಮೇಲೆ ಅಪ್ಪ ಬಂದು ಶಿವಪ್ಪ. ಇಕಾರಾಂತವಾಗಿದ್ದರೆ ಯಕಾರಾಗಮ: ಹರಿಯಪ್ಪ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದ ಸಂಧಿಪ್ರಕರಣದಲ್ಲಿ ನಿರೂಪಿಸಿದ ಲೋಪ, ಆಗಮಗಳಿಗೆ ದಿನಬಳಕೆಯ ಹೆಸರುಗಳಿಗಿಂತ ಸುಲಭವಾದ ಉದಾಹರಣೆಗಳು ದೊರೆಯಲಾರವು. ಸಂಧಿಯಾದ ಮೇಲೆ ಹೆಸರು ಎಲ್ಲಿ ಮುಗಿಯಿತು, ಗೌರವಪದವು ಎಲ್ಲಿ ಮೊದಲಾಯಿತು ಎಂಬುದು ಕಿವಿಗೆ ತಿಳಿಯುವುದಿಲ್ಲ. ಎರಡು ಪದಗಳ ನಡುವೆ ಬಿರುಕೇ ಇಲ್ಲದಿದ್ದಲ್ಲಿ ಅವು ಒಂದಕ್ಕೊಂದು ಹೊಂದುವುವೋ ಇಲ್ಲವೋ ಎಂಬ ಸಂದೇಹಕ್ಕೆ ಎಡೆಯೆಲ್ಲಿ?

ಇನ್ನೊಂದು ಅಂಶವೂ ಗಮನಾರ್ಹವಾದುದು. ಗುರುಲಘುವಿನ್ಯಾಸವುಳ್ಳ ಎರಡಕ್ಷರದ ಹೆಸರಿನ ಮೇಲೆ ಇಂತಹ ಪದವು ಸೇರಿದಾಗ ಗುರು, ಗುರು, ಲಘು ಎಂಬ ಮೂರಕ್ಷರದ ಕಟ್ಟು ಸಿದ್ಧವಾಗುವುದು. ಛಂದಸ್ಸಿನಲ್ಲಿ ಇದು ತಗಣ. ಐದು ಮಾತ್ರೆಗಳ ಗಣ. ಚೆನ್ನಯ್ಯ, ಮಾರಯ್ಯ, ಲಕ್ಕಮ್ಮ, ಸಂಕವ್ವೆ, ಗುಂಡಪ್ಪ, ಮಾದಪ್ಪ ಇವೆಲ್ಲವೂ ಈ ಅಚ್ಚಿನಲ್ಲಿಯೇ ಎರಕವಾದ ಹೆಸರುಗಳು. ಬಸವಣ್ಣ ಎಂಬಲ್ಲಿ ಮೊದಲ ಗುರುವಿಗೆ ಬದಲಾಗಿ ಎರಡು ಲಘುಗಳು ಬಂದಿವೆ. ಮಾತ್ರೆಗಳು ಅಲ್ಲಿಯೂ ಐದೇ. ಕನ್ನಡ ಹೆಸರುಗಳೆಲ್ಲ ಈ ಅಳತೆಯಲ್ಲಿಯೇ ಇರುವುವೆಂದು ಹೇಳುವಂತಿಲ್ಲ. ಆದರೆ ಊರಿನ ಕಿವಿಗೆ ಪೂರ್ಣವೆಂದು ತೋರುವ ಹೆಸರಿನ ಒಂದು ಪ್ರಧಾನವಾದ ಅಚ್ಚು ಇದೆಂದು ಹೇಳಲು ಅಡ್ಡಿಯಿಲ್ಲ.

ಒಂದೇ ಹೆಸರಿನ ಮೇಲೆ ಎರಡು ಗೌರವಪದಗಳು ಸೇರುವುದೂ ಉಂಟು. ಪಂಪನ ತಮ್ಮನಾದ ಜಿನವಲ್ಲಭನು ಬರೆಯಿಸಿದ ಕುರಿಕ್ಯಾಲ ಶಾಸನದಿಂದ ಅವರ ತಂದೆಯ ಹೆಸರು ಭೀಮಪಯ್ಯ, ತಾಯಿಯ ಹೆಸರು ಅಬ್ಬಣಬ್ಬೆ ಎಂದು ತಿಳಿದುಬಂದಿದೆ. ಭೀಮ ಎಂಬ ಹೆಸರಿನ ಮೇಲೆ ಅಪ್ಪ, ಅದರ ಮೇಲೆ ಅಯ್ಯ. ಹತ್ತನೆಯ ಶತಮಾನದ ಈ ಕಟ್ಟು ಇಪ್ಪತ್ತನೆಯ ಶತಮಾನದವರೆಗೂ ಅಳಿಯದೆ ಬಂದಿತು. ‘ನಾಡೋಜ ಪಂಪ’ವೆಂಬ ವಿಮರ್ಶಾಗ್ರಂಥವನ್ನು ಬರೆದ ವಿದ್ವಾಂಸರ ಹೆಸರು ಮುಳಿಯ ತಿಮ್ಮಪ್ಪಯ್ಯ. ಪಂಪನ ತಂದೆಯ ಹೆಸರಿಗೂ ಪಂಪನ ವಿಮರ್ಶಕರ ಹೆಸರಿಗೂ ಅಂತ್ಯರಚನೆಯು ಒಂದೇ ಆಗಿದೆ.

೫

ಈ ಕಿರುಪದಗಳು ಬಂಧುವಾಚಕಗಳಾಗಿದ್ದುದರಿಂದ ಒಂದು ಮುಖ್ಯವಾದ ಫಲವುಂಟಾಯಿತು. ಶರ್ಮ ಎಂಬುದು ಒಂದು ವರ್ಣಕ್ಕೆ ಮೀಸಲು; ಅಯ್ಯ ಎಂಬುದು ಯಾವ ವರ್ಣಕ್ಕೂ ಮೀಸಲಲ್ಲ. ಅಪ್ಪನೂ ಅಣ್ಣನೂ ಅಕ್ಕನೂ ಎಲ್ಲರ ಮನೆಯಲ್ಲಿಯೂ ಇರುವವರೇ. ಆದುದರಿಂದ ಕೊಡಬೇಕೆಂಬ ಮನಸ್ಸಿದ್ದರೆ ಈ ಗೌರವವನ್ನು ಯಾರಿಗಾದರೂ ಕೊಡಬಹುದಾಗಿತ್ತು.

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳಲ್ಲಿ ಇದು ಸ್ಪಷ್ಟವಾಗಿದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆ ಈ ಹೆಸರುಗಳನ್ನು ಸಾಲಾಗಿ ಓದಿದರೆ ಮೂರು ಅಂಗಗಳು ಕಾಣುವುವು. ಮೊದಲನೆಯದು ಕಾಯಕವನ್ನೋ ಜಾತಿಯನ್ನೋ ತಿಳಿಸುವ ಪದ. ಎರಡನೆಯದು ಚೆನ್ನ, ಕಕ್ಕ, ಚೌಡ ಎಂಬ ಎರಡಕ್ಷರದ ಹೆಸರು. ಮೂರನೆಯದು ಅಯ್ಯ, ಅಣ್ಣ, ಅಮ್ಮ ಎಂಬ ಗೌರವಪದ. ಲೋಕವು ಕೀಳೆಂದೆಣಿಸಿದ ಕಸಬಿನ ಹೆಸರನ್ನು ಮರೆಮಾಚದೆ ಮೊದಲಿಗೇ ಹೇಳಿ, ಕೊನೆಗೆ ಅದೇ ವ್ಯಕ್ತಿಯನ್ನು ಅಯ್ಯನೆಂದು ಕರೆದಿರುವುದು ಇಲ್ಲಿಯ ವಿಶೇಷ. ಶೂದ್ರನ ಹೆಸರಿನ ಪೂರ್ವಾಂಗವು ಜುಗುಪ್ಸಿತವಾಗಿರಬೇಕು, ಉತ್ತರಾಂಗವು ದಾಸ್ಯಸೂಚಕವಾಗಿರಬೇಕು ಎಂಬ ಸ್ಮೃತಿವಾಕ್ಯಕ್ಕೆ ಇದಕ್ಕಿಂತ ನೇರವಾದ ಉತ್ತರವನ್ನು ಹೆಸರುಗಳ ಚರಿತ್ರೆಯಲ್ಲಿ ಕಾಣುವುದು ಕಷ್ಟ. ಈ ಹೆಸರುಗಳಲ್ಲಿ ಹೆಚ್ಚಿನವುಗಳ ಅಂತ್ಯವು ಮೇಲೆ ಹೇಳಿದ ತಗಣದಲ್ಲಿಯೇ ಇರುವುದೂ ಗಮನಿಸತಕ್ಕುದು. ಕವಿತ್ವದಲ್ಲಾಗಲಿ ಮಾನದಲ್ಲಾಗಲಿ ಅರಸುಮನೆಯವರ ಹೆಸರಿಗೂ ಮಾದಾರನ ಹೆಸರಿಗೂ ಕಿವಿಯು ಭೇದವನ್ನೆಣಿಸಲಿಲ್ಲ.

ಆದರೆ ಕೊಡಬಹುದಾದ ಗೌರವವನ್ನು ಕೊಡದೆ ಇರಲೂ ಬರುತ್ತದೆ. ಹಳ್ಳಿಗಳಲ್ಲಿ ಬಹುಕಾಲದವರೆಗೆ ಒಂದೇ ಹೆಸರು ಒಂದು ಕೇರಿಯಲ್ಲಿ ತಿಮ್ಮಯ್ಯ, ತಿಮ್ಮಪ್ಪ ಎಂದೂ ಇನ್ನೊಂದು ಕೇರಿಯಲ್ಲಿ ಬರಿಯ ತಿಮ್ಮ ಎಂದೂ ಉಚ್ಚರಿಸಲ್ಪಡುತ್ತಿತ್ತು. ಮಾರ, ಕರಿಯ, ಕೆಂಚ ಎಂದು ಕರೆಯಲ್ಪಟ್ಟವರ ವಯಸ್ಸು ಎಷ್ಟೇ ಆಗಿರಲಿ, ಅಯ್ಯ ಎಂಬ ಮೂರು ಮಾತ್ರೆಗಳು ಅವರಿಗೆ ದಕ್ಕುತ್ತಿರಲಿಲ್ಲ. ಹೆಸರು ಕಿರಿದಾಗಿರುವುದು ಕವಿಯಾದ ರನ್ನನಿಗೆ ಭೂಷಣ. ಕೂಲಿಯಾಳಾದ ಮಾರನಿಗೆ ಅದು ಕೊರತೆ. ಅಕ್ಷರಗಳ ಎಣಿಕೆಯಿಂದ ಮಾತ್ರ ಹೆಸರಿನ ಒಪ್ಪವನ್ನು ನಿರ್ಣಯಿಸಲಾಗದೆಂಬುದು ಇದರಿಂದ ವ್ಯಕ್ತವಾಗುವುದು.

೬

ಹೆಸರಿನೊಳಗೆ ಬೆರೆತಿದ್ದ ಕಿರುಪದವು ಹೊರಗೆ ಬಂದು ಪ್ರತ್ಯೇಕವಾದ ಕುಲನಾಮವಾದ ಬಗೆಯನ್ನು ಅರಸ ಎಂಬ ಪದದ ಚರಿತ್ರೆಯಿಂದ ಚೆನ್ನಾಗಿ ತಿಳಿಯಬಹುದು. ಸುಮಾರು ೪೫೦ರದೆಂದು ಎಣಿಸಲ್ಪಟ್ಟಿರುವ ಹಲ್ಮಿಡಿಯ ಶಾಸನದಲ್ಲಿ ವಿಜ ಎಂಬ ವೀರನ ಹೆಸರೂ ಅರಸ ಎಂಬ ಪದವೂ ಜೊತೆಯಾಗಿ ಬಂದಿವೆ. ಹದಿನೈದನೆಯ ಶತಮಾನದಲ್ಲಿ ಪ್ರಭುಲಿಂಗಲೀಲೆಯನ್ನು ಬರೆದ ಕವಿಯ ಹೆಸರು ಚಾಮರಸ. ಇಲ್ಲಿ ಚಾಮ, ಅರಸ ಎಂಬೆರಡು ಪದಗಳು ಲೋಪಸಂಧಿಯಿಂದ ಒಂದಾಗಿವೆ. ೧೯೭೨ರಿಂದ ಮೈಸೂರು ರಾಜ್ಯದ, ೧೯೭೩ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕದ, ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸು ಅವರ ಹೆಸರಿನಲ್ಲಿ ಅದೇ ಪದವು ಮರಳಿ ಬೇರೆಯಾಗಿ ನಿಂತಿದೆ. ಅಕಾರಾಂತದ ಮುಂದೆ ಅಕಾರವು ಬಂದಿದ್ದರೂ ಸಂಧಿಯಿಲ್ಲ. ಸಂಧಿಯನ್ನು ತಡೆದುದು ಧ್ವನಿಯಲ್ಲ, ಬರೆವಣಿಗೆಯ ಪದ್ಧತಿ. ಅರಸು ಎಂಬುದು ಇಲ್ಲಿ ಹೆಸರಿನ ಅಂಗವಾಗಿರದೆ ಮನೆತನದ ಗುರುತಾಗಿದೆ. ಗುರುತು ಅಳಿಸಬಾರದೆಂಬ ಉದ್ದೇಶದಿಂದ ಅದನ್ನು ಬಿಡಿಯಾಗಿ ಉಳಿಸಿಕೊಂಡಿದೆ.

ರಾಯ ಎಂಬ ಪದದ ಗತಿಯೂ ಹೀಗೆಯೇ. ಸಂಸ್ಕೃತದ ರಾಜಶಬ್ದವು ಪ್ರಾಕೃತದಲ್ಲಿ ರಾಯವಾಗಿ ಕನ್ನಡಕ್ಕೆ ಬಂದಿತು. ೯೭೮ರಲ್ಲಿ ಗದ್ಯದಲ್ಲಿ ಪುರಾಣವನ್ನು ಬರೆದ ಚಾವುಂಡರಾಯನ ಹೆಸರಿನಲ್ಲಿ ಅದು ಬಿರುದಾಗಿಯೂ ಹೆಸರಿನ ಅಂಗವಾಗಿಯೂ ಇದೆ. ಮರಾಠರ ಆಳ್ವಿಕೆಯ ಕಾಲದಲ್ಲಿ ರಾವ್ ಎಂಬ ರೂಪವು ಅಧಿಕಾರಿಗಳ ಮತ್ತು ಬರೆಹಗಾರರ ಹೆಸರುಗಳೊಡನೆ ಬಹಳವಾಗಿ ಹರಡಿತು. ಪದದ ಕೊನೆಯ ಸ್ವರವು ಹೋಗಿ ಎರಡಕ್ಷರದ ರಾಯವು ಒಂದೇ ಸ್ವರದ ರಾವ್ ಆಯಿತು. ಅಯ್ಯ, ಅಪ್ಪ ಎಂಬುವುಗಳಂತೆ ಇದು ಸ್ವರದಿಂದ ಮೊದಲಾಗುವುದಿಲ್ಲ. ಆದುದರಿಂದ ಹಿಂದಿನ ಹೆಸರಿನಲ್ಲಿ ಕರಗುವುದೂ ಇಲ್ಲ. ಪೈ, ರೈ, ಭಟ್ ಎಂಬುವುಗಳ ಸ್ಥಿತಿಯೂ ಇದೇ. ಹೆಸರು ಕುಲನಾಮಗಳ ನಡುವಣ ಬಿರುಕು ಕಿವಿಗೆ ಕೇಳಿಸತೊಡಗಿದುದು ಇಂತಹ ವ್ಯಂಜನಾದಿ ಪದಗಳಿಂದ.

ಆಂಗ್ಲರ ಆಳ್ವಿಕೆಯಲ್ಲಿ ಪಾಠಶಾಲೆಯ ದಾಖಲೆ, ಕಚೇರಿಯ ಪಟ್ಟಿ, ಆಸ್ತಿಯ ಕಾಗದಪತ್ರ ಇವುಗಳಿಗಾಗಿ ಹೆಸರನ್ನು ಸ್ಥಿರವಾದ ಒಂದು ಕ್ರಮದಲ್ಲಿ ಬರೆಯಬೇಕಾಯಿತು. ಕನ್ನಡ ನಾಡು ಆಗ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಕ್ರಮವೂ ಒಂದಾಗಿರಲಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಭಾಗದಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಅನುಕ್ರಮವು ನೆಲೆಗೊಂಡಿತು. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಹೆಸರು ಇದಕ್ಕೆ ನಿದರ್ಶನ. ಮೈಸೂರು ಸೀಮೆಯಲ್ಲಿ ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಮೊದಲಕ್ಷರಗಳಾಗಿ ಮುಂದಿಟ್ಟು, ಸ್ವಂತ ಹೆಸರನ್ನು ಕೊನೆಗೆ ಪೂರ್ಣವಾಗಿ ಬರೆಯುವ ಪದ್ಧತಿ ಬಳಕೆಗೆ ಬಂದಿತು. ಬೆಳ್ಳೂರಿನ ಮೈಲಾರಯ್ಯನವರ ಮಗ ಶ್ರೀಕಂಠಯ್ಯನವರು ಬಿ. ಎಂ. ಶ್ರೀಕಂಠಯ್ಯನವರಾದರು, ದೇವನಹಳ್ಳಿಯ ವೆಂಕಟರಮಣಯ್ಯನವರ ಮಗ ಗುಂಡಪ್ಪನವರು ಡಿ. ವಿ. ಗುಂಡಪ್ಪನವರಾದರು. ಇಲ್ಲಿ ಅಯ್ಯ, ಅಪ್ಪ ಎಂಬ ಪದಗಳು ಹೆಸರಿನೊಳಗೆ ಸಂಧಿಯಾಗಿಯೇ ಉಳಿದುವು. ತಂದೆಯು ಅಯ್ಯಾಂತನಾಗಿದ್ದರೆ ಮಗನೂ ಹಾಗೆಯೇ ಇರಬೇಕೆಂಬ ನಿಯಮವಿಲ್ಲವೆಂಬುದನ್ನು ಗುಂಡಪ್ಪನವರ ಹೆಸರು ತೋರಿಸಿಕೊಡುತ್ತದೆ. ಕೊಡಗಿನಲ್ಲಿ ಮನೆತನದ ಹೆಸರು ದೀರ್ಘವಾಗಿ ಮೊದಲಿಗೇ ಬರುವುದು. ೧೯೨೪ರಲ್ಲಿ ಪಟ್ಟೋಲೆ ಪಳಮೆಯನ್ನು ಪ್ರಕಟಿಸಿದವರು ನಡಿಕೇರಿಯಂಡ 
ಚಿಣ್ಣಪ್ಪನವರು, ೧೯೪೯ರಲ್ಲಿ ಭಾರತದ ಸೇನಾಧಿಪತ್ಯವನ್ನು ವಹಿಸಿಕೊಂಡವರು ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಚಿಣ್ಣಪ್ಪ, ಮಾದಪ್ಪ, ಕಾರ್ಯಪ್ಪ ಈ ಮೂರೂ ತಗಣಗಳು. ಹೀಗೆ ಮೈಸೂರಿನಲ್ಲಿಯೂ ಕೊಡಗಿನಲ್ಲಿಯೂ ಕಿರಿದಾದ ಕುಲನಾಮದ ತೊಡಕು ಅಷ್ಟಾಗಿ ಹುಟ್ಟಲಿಲ್ಲ.

ಅದು ಪ್ರಬಲವಾಗಿ ಕಾಣಿಸಿಕೊಂಡುದು ಕರಾವಳಿಯಲ್ಲಿ. ಅಲ್ಲಿಯ ಮೂವರು ಸಾಹಿತಿಗಳ ಹೆಸರುಗಳನ್ನು ತೆಗೆದುಕೊಳ್ಳಬಹುದು: ಪಂಜೆ ಮಂಗೇಶರಾವ್ (೧೮೭೪–೧೯೩೭), ಮಂಜೇಶ್ವರದ ಗೋವಿಂದ ಪೈ (೧೮೮೩–೧೯೬೩), ಕಯ್ಯಾರ ಕಿಞ್ಞಣ್ಣ ರೈ (೧೯೧೫–೨೦೧೫). ಮೂರರಲ್ಲಿಯೂ ಕೊನೆಯ ಪದವು ಒಂದೇ ಸ್ವರದ್ದು. ಅದರ ಹಿಂದಿರುವ ಮಂಗೇಶ, ಗೋವಿಂದ, ಕಿಞ್ಞಣ್ಣ ಎಂಬ ಹೆಸರುಗಳು ಮೂರೂ ತಗಣಗಳೇ. ಚಾವುಂಡರಾಯ ಎಂಬಲ್ಲಿಯ ಚಾವುಂಡ ಎಂಬುದೂ ತಗಣವೇ. ಈ ಹೆಸರುಗಳನ್ನಿಟ್ಟವರು ಮಾತ್ರೆಗಳನ್ನು ಎಣಿಸಿದರೆಂದು ಊಹಿಸುವುದು ಸಲ್ಲದು. ಅಯ್ಯ ಅಪ್ಪಗಳಿಂದ ಮುಗಿಯುವ ಹೆಸರುಗಳಲ್ಲಿ ಬಹುಕಾಲದಿಂದ ಪಳಗಿದ ಕಿವಿಯು, ಕುಲನಾಮವನ್ನು ಬಿಟ್ಟರೂ ಹೆಸರು ತನ್ನಷ್ಟಕ್ಕೆ ಪೂರ್ಣವಾಗಿರಬೇಕೆಂದು ಬಯಸಿತೆಂದು ಹೇಳಿದರೆ ಸಾಕು. ಆಲೂರ ವೆಂಕಟರಾವ್ ಅವರ ಹೆಸರಿನಲ್ಲಿ ವೆಂಕಟ ಎಂಬುದಕ್ಕೆ ನಾಲ್ಕೇ ಮಾತ್ರೆಗಳಿವೆ. ಆದುದರಿಂದ ಐದೆಂಬ ಸಂಖ್ಯೆಯನ್ನು ಕಟ್ಟಳೆಯಾಗಿ ಹಿಡಿಯಲಾಗದು. ನಾಲ್ಕರಲ್ಲಿಯೂ ಸಮಾನವಾಗಿರುವ ಗುಣವೊಂದಿದೆ. ಹೆಸರಿನ ಕೊನೆಯಕ್ಷರವು ಅಕಾರಾಂತವಾದ ಲಘು. ಅದರ ಮುಂದೆ ಬರುವ ಕುಲನಾಮವು ಗುರು. ಲಘುವಿನ ಮೇಲೆ ಗುರುವು ಬರುವುದರಿಂದ ಕಿರಿದಾದ ಪದಕ್ಕೂ ನಿಲ್ಲಲು ನೆಲೆ ಸಿಕ್ಕುವುದು.

೭

ಮೇಲಿನ ವಿಚಾರಗಳಿಂದ ಕೆಲವು ನಿರ್ಣಯಗಳು ಸಿದ್ಧಿಸುತ್ತವೆ. ಒಂದೇ ಸ್ವರದ ಕುಲನಾಮದ ಹಿಂದೆ ಮೂರು ಅಥವಾ ನಾಲ್ಕು ಅಕ್ಷರಗಳ ಹೆಸರು ಒಪ್ಪುವುದು. ಎರಡಕ್ಷರದ ಹೆಸರಾದರೆ ಅದರ ಮೊದಲಕ್ಷರವು ಗುರುವಾಗಿದ್ದರೆ ಮೇಲು. ಹೆಸರು ಹ್ರಸ್ವಸ್ವರಾಂತವಾಗಿದ್ದರೆ ಕುಲನಾಮವು ತಡೆಯಿಲ್ಲದೆ ಉಚ್ಚಾರವಾಗುವುದು. ಇತ್ತೀಚೆಗೆ ರಮೇಶ್, ಸುರೇಶ್ ಎಂಬಂತೆ ಹೆಸರಿನ ಕೊನೆಯ ಅಕಾರವನ್ನು ಬಿಟ್ಟು ವ್ಯಂಜನದಲ್ಲಿ ನಿಲ್ಲಿಸುವ ರೂಢಿಯು ಹೆಚ್ಚಿದೆ. ಹಾಗೆ ನಿಲ್ಲಿಸಿದ ಹೆಸರಿನ ಮುಂದೆ ವ್ಯಂಜನಾದಿಯಾದ ಕುಲನಾಮವು ಬಂದಾಗ ಎರಡು ವ್ಯಂಜನಗಳು ಡಿಕ್ಕಿಹೊಡೆಯುವುವು. ಮಂಗೇಶ ಎಂಬಲ್ಲಿಯ ಕೊನೆಯ ಅಕಾರವು ಮಾಡುತ್ತಿದ್ದ ಉಪಕಾರವು ಆಗ ತಿಳಿಯುವುದು. ಹೆಸರಿನ ಕೊನೆಯ ವ್ಯಂಜನವೂ ಕುಲನಾಮದ ಮೊದಲ ವ್ಯಂಜನವೂ ಒಂದೇ ಆಗಿದ್ದರೆ, ಶಂಕರ ಎಂಬುದರ ಮುಂದೆ ರಾವ್ ಬಂದಾಗ ಆಗುವಂತೆ, ಆಡುಮಾತಿನಲ್ಲಿ ಅಕಾರವು ಜಾರಿ ಒತ್ತು ಹುಟ್ಟುವುದು. ಇದನ್ನು ದೋಷವೆನ್ನಬೇಕಾಗಿಲ್ಲ, ಸಜಾತೀಯ ಒತ್ತು ಕನ್ನಡದ ಕಿವಿಗೆ ಹೊಸದಲ್ಲ.

ನಾಮಕರಣದ ದಿನ ಮಗುವಿಗೆ ಮನೆದೇವರ ಹೆಸರು, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ನಾಲ್ಕು ಹೆಸರುಗಳನ್ನಿಡುವ ಸಂಪ್ರದಾಯವುಂಟು. ಕುಲನಾಮದೊಡನೆ ಹೊಂದಿಕೆಯಾಗಬೇಕಾದುದು ಇವುಗಳಲ್ಲಿ ಕೊನೆಯದು ಮಾತ್ರ. ನಕ್ಷತ್ರಕ್ಕೆ ಸಲ್ಲುವ ಅಕ್ಷರವು ಕುಲನಾಮಕ್ಕೆ ಒಗ್ಗದಿದ್ದಲ್ಲಿ, ಆ ಅಕ್ಷರವನ್ನು ನಕ್ಷತ್ರನಾಮಕ್ಕೆ ಬಿಟ್ಟು ವ್ಯವಹಾರಕ್ಕೆ ಬೇರೊಂದನ್ನು ಆರಿಸಿಕೊಳ್ಳಲು ಸಂಪ್ರದಾಯವೇ ಎಡೆಮಾಡಿಕೊಟ್ಟಿದೆ.

ಆದರೆ ಈ ಧ್ವನಿನಿಯಮಗಳಿಗಿಂತ ಹೆಚ್ಚಿನದೊಂದು ಅಂಶವು ಈ ಚರಿತ್ರೆಯಲ್ಲಿ ಅಡಗಿದೆ. ಕನ್ನಡ ಹೆಸರಿನ ಕೊನೆಯ ಕಿರುಪದವು ಬಂಧುವಾಚಕವಾಗಿದ್ದಷ್ಟು ಕಾಲ ಅದನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬಹುದಾಗಿತ್ತು. ಚೆನ್ನನು ಚೆನ್ನಯ್ಯನಾಗುವುದಕ್ಕೆ ಹುಟ್ಟು ಅಡ್ಡಿಯಾಗಲಿಲ್ಲ. ಅದು ಕುಲನಾಮವಾಗಿ ಬೇರ್ಪಟ್ಟ ಮೇಲೆ ಹುಟ್ಟಿನಿಂದ ಬರಬೇಕಾಯಿತು. ಹೊರಗಿನವರಿಗೆ ಕೊಡುವಂತಿಲ್ಲ, ಒಳಗಿನವರು ಬಿಡುವಂತಿಲ್ಲ. ಹೆಸರು ಕೇಳಿದೊಡನೆ ಜಾತಿಯನ್ನು ತಿಳಿದುಕೊಳ್ಳುವ ರೂಢಿಗೆ ಇದರಿಂದ ಪುಷ್ಟಿ ದೊರೆತುದು ಸುಳ್ಳಲ್ಲ. ಇಂದು ಕೆಲವರು ಕುಲನಾಮವನ್ನೇ ಬಿಟ್ಟು ಮಗುವಿಗೆ ತಂದೆಯ ಅಥವಾ ತಾಯಿಯ ಹೆಸರನ್ನೋ ಅದರ ಮೊದಲಕ್ಷರವನ್ನೋ ಜೋಡಿಸುತ್ತಿರುವುದನ್ನು ಹೊಸ ಪದ್ಧತಿಯೆಂದು ಆಕ್ಷೇಪಿಸುವವರುಂಟು. ಚರಿತ್ರೆಯನ್ನು ನೋಡಿದರೆ ಕುಲನಾಮದ ಕಡ್ಡಾಯವೇ ಹೊಸದು. ಹೆಸರು ತನ್ನಷ್ಟಕ್ಕೆ ಪೂರ್ಣವಾಗಿರುವುದು ಹಳೆಯದು.

ಬಿ. ಎಲ್. ರೈಸರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ದಾನಿಗಳು, ವೀರರು, ಶಿಲ್ಪಿಗಳು, ಸೇನಬೋವರು, ಒಕ್ಕಲಿಗರು, ಸತಿಯರು ಮೊದಲಾದವರ ಹೆಸರುಗಳು ಹೇರಳವಾಗಿ ದೊರೆಯುತ್ತವೆ. ಅವುಗಳನ್ನು ಕಾಲಾನುಕ್ರಮದಿಂದ ಪಟ್ಟಿಮಾಡಿ, ಯಾರ ಹೆಸರಿಗೆ ಅಯ್ಯ ಅಬ್ಬೆಗಳು ಸೇರಿವೆ, ಯಾರ ಹೆಸರು ಬರಿದಾಗಿ ನಿಂತಿದೆ ಎಂಬುದನ್ನು ಗುರುತಿಸಿದರೆ, ಕನ್ನಡಿಗರ ಕಿವಿಯ ಚರಿತ್ರೆಯೊಡನೆ ಅವರ ಸಮಾಜದ ಚರಿತ್ರೆಯೂ ಸ್ಪಷ್ಟವಾದೀತು. ಭಾಷಾಶಾಸ್ತ್ರವನ್ನೂ ಶಾಸನಶಾಸ್ತ್ರವನ್ನೂ ಬಲ್ಲ ವಿದ್ವಾಂಸರು ಈ ಕಡೆಗೆ ಲಕ್ಷ್ಯಕೊಡುವುದು ಉಚಿತವಾಗಿದೆ.